ಬಟ್ಟೆ ಬೊಂಬೆಯ ಕತ್ತು ನಿಲ್ಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ, ಮಂಡ್ಯದಿಂದ:
ನಮ್ಮ ಮನೆಯಲ್ಲಿ ದಸರೆಗೆ ಬೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಈ ಸಲ ಎಂಟು ವರ್ಷದ ಮಗಳೂ ಐದು ವರ್ಷದ ಮಗನೂ ತಾವೇ ಮಾಡಿ ಕೂರಿಸಬೇಕೆಂದು ಹಟ ಹಿಡಿದಿದ್ದಾರೆ. ಟೈಲರ್ ಅಂಗಡಿಯ ಚೂರು ಬಟ್ಟೆಗೆ ಹತ್ತಿ ತುಂಬಿ ಮೂರು ಬೊಂಬೆ ಮಾಡಿದೆವು. ಮೂರರ ತಲೆಯೂ ಎದೆಗೆ ಜೋತುಬೀಳುತ್ತದೆ. ಗೋಂದಿನಿಂದ ಅಂಟಿಸಿದ ಕೂದಲು ಮಾರನೆಯ ದಿನವೇ ಉದುರಿ, ಮಗ ಅತ್ತುಬಿಟ್ಟ. ಬಲ್ಲವರು ಹೇಳಿಕೊಡಿ.

ಉತ್ತರ, ಮೈಸೂರಿನಿಂದ:
ನೋಡಮ್ಮ, ತಪ್ಪು ಬಟ್ಟೆಯಲ್ಲಿದೆ. ಟೈಲರ್ ಚೂರುಗಳಲ್ಲಿ ಪಾಲಿಯೆಸ್ಟರೇ ಹೆಚ್ಚು. ಅದರ ಮೇಲೆ ದಾರ ಜಾರುತ್ತದೆ. ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆಯನ್ನೋ ಸೀರೆಯನ್ನೋ ಹರಿದುಕೊಳ್ಳಿ. ನಾನು ಮೊಮ್ಮಗಳಿಗೆ ಮಾಡಿಕೊಟ್ಟಿದ್ದು ನಮ್ಮ ಯಜಮಾನರ ಪಂಚೆಯಿಂದ. ಅವರು ಹೋಗಿ ಎರಡು ವರ್ಷವಾಗಿತ್ತು. ಅಲ್ಲಿಯವರೆಗೆ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲು ನನಗೆ ಕೈ ಬಂದಿರಲಿಲ್ಲ.

ಕತ್ತಿಗೆ ಬೆನ್ನೆಲುಬು ಬೇಕು. ಕಡ್ಡಿ ಪೊರಕೆಯಿಂದ ನಾಲ್ಕು ಕಡ್ಡಿ ತೆಗೆದು ಒಂದು ಗೇಣಿಗೆ ಮುರಿದು ಒಟ್ಟಿಗೆ ಕಟ್ಟಿ. ಚೂಪು ತುದಿಗಳಿಗೆ ಬಟ್ಟೆ ಸುತ್ತುವುದನ್ನು ಮರೆಯಬೇಡಿ, ಮನೆಯಲ್ಲಿ ಚಿಕ್ಕವನಿದ್ದಾನೆ. ಮೇಲ್ತುದಿಗೆ ನಿಂಬೆಹಣ್ಣಿನ ಗಾತ್ರಕ್ಕೆ ಹತ್ತಿ ಸುತ್ತಿ, ಮೇಲೆ ಬಟ್ಟೆ ಹೊದಿಸಿ, ಕಡ್ಡಿಯನ್ನೂ ಸೇರಿಸಿ ಹೂ ಕಟ್ಟುವ ದಾರದಿಂದ ಬಿಗಿಯಿರಿ. ಕಡ್ಡಿ ಸೊಂಟದವರೆಗೆ ಇಳಿದರೆ ತಲೆ ಅಲ್ಲಾಡುವುದಿಲ್ಲ. ಕೂದಲಿಗೆ ಗೋಂದು ಬೇಡ, ಕಪ್ಪು ಉಲ್ಲನ್ ನೆತ್ತಿಗೆ ಹೊಲಿದು ಜಡೆ ಹಾಕಿ. ಕಣ್ಣಿಗೆ ಗುಂಡಿ ಹಚ್ಚಬೇಡಿ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ. ದಾರದಲ್ಲೇ ಎರಡು ಹೊಲಿಗೆ ಸಾಕು.

ಮುಖವನ್ನು ಮಾತ್ರ ಮಕ್ಕಳಿಗೇ ಬಿಟ್ಟುಬಿಡಿ. ನನ್ನ ಮೊಮ್ಮಗಳು ಒಂದು ಹುಬ್ಬನ್ನು ಹಣೆಯ ಮೇಲಕ್ಕೇ ಏರಿಸಿ ಬರೆದಿದ್ದಳು. ಅವಳ ತಾತ ಪತ್ರಿಕೆ ಓದುವಾಗ ಹುಬ್ಬೇರಿಸುತ್ತಿದ್ದುದು ಹಾಗೆಯೇ.

ಉತ್ತರ, ಪಾಂಡವಪುರದ ಕಡೆಯಿಂದ:
ಹಳ್ಳಿಯಲ್ಲಿ ನಾವು ರಾಗಿ ಹುಲ್ಲಿನಲ್ಲಿ ಮಾಡುತ್ತಿದ್ದೆವು. ಒಂದು ಹಿಡಿ ಹುಲ್ಲಿಗೆ ನೀರು ಚಿಮುಕಿಸಿ ನಡುವೆ ಮಡಚಿ, ಮಡಿಕೆಯ ಕೆಳಗೆ ಕಟ್ಟಿದರೆ ತಲೆ. ಅಡ್ಡಲಾಗಿ ಸಣ್ಣ ಕಂತೆ ತೂರಿಸಿದರೆ ಕೈ, ಅದರ ಕೆಳಗೆ ಬಿಗಿದರೆ ಸೊಂಟ. ಒಣ ಹುಲ್ಲು ಮುರಿಯುತ್ತದೆ, ನೀರು ಬೇಕೇ ಬೇಕು. ಕಬ್ಬಿನ ಸೋಗೆ ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಅಂಚು ಕುಯ್ಯುತ್ತದೆ.

ಪ್ರಶ್ನೆ ಕೇಳಿದವರು:
ಅಮ್ಮಾ, ಕತ್ತು ನಿಂತಿತು! ನಮ್ಮ ಅತ್ತೆಯ ಹಳೆಯ ಸೀರೆ ಬಳಸಿದೆವು. ಮಗ ಬೊಂಬೆಗೆ ಅಜ್ಜಿಯ ಕನ್ನಡಕವನ್ನೂ ಬರೆದಿದ್ದಾನೆ. ಇದನ್ನು ಯಾವ ಮೆಟ್ಟಿಲಿಗೆ ಇಡಬೇಕು?

ಮೈಸೂರಿನಿಂದ:
ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಯದು, ರಾಜ ರಾಣಿಯರ ಜಾಗ. ನಿಮ್ಮ ಮನೆಗೆ ಇದೇ ಮೊದಲ ಬೊಂಬೆಯಲ್ಲವೇ? ಅಲ್ಲಿಗೇ ಇಡಿ.