ಡಿಸೆಂಬರ್ ಮೂರನೇ ಮನೆ

"ಅಲ್ಲ ಮಾರಾಯ್ರೆ, ನನ್ನ ಮನೆ ಡಿಸೆಂಬರ್ ಮೂರು ಆದದ್ದು ಯಾವಾಗ?"

ಶೆಟ್ರು ರಶೀದಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಕಾಮತ್ ಮಾಮ್ ಗೋಳಿಬಜೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಜಾಗ ಮಾಡಿಕೊಟ್ಟರು. ಗಣೇಶೋತ್ಸವದ ವಂತಿಗೆ ರಶೀದಿ ಅದು. ಹೆಸರು ಸರಿ, ಇನಿಶಿಯಲ್ ಸರಿ. ಮನೆ ನಂಬ್ರ ಇರಬೇಕಾದಲ್ಲಿ ಮಾತ್ರ '03-ಡಿಸೆಂಬರ್' ಅಂತ ಚಂದದ ಅಕ್ಷರದಲ್ಲಿ ಅಚ್ಚಾಗಿತ್ತು.

"ನಿಮ್ಮ ಮನೆ ನಂಬ್ರ ಎಷ್ಟು?" ಸುಮಕ್ಕ ಕೇಳಿದರು.

"3-12. ಮೂರನೇ ವಾರ್ಡು, ಹನ್ನೆರಡನೇ ಮನೆ."

"ಹಾಗಾದ್ರೆ ಸರಿಯೇ ಉಂಟಲ್ಲ" ಎಂದರು ಪುರುಷಣ್ಣ, ಕಷಾಯ ಆರಿಸುತ್ತಾ. "ಎಕ್ಸೆಲ್ಲಿಗೆ 3-12 ಅಂದ್ರೆ ತಾರೀಕು. ಅದರೊಳಗೆ ನೀವು ಹೆಂಡತಿ ಮಕ್ಕಳ ಜೊತೆ ವಾಸ ಮಾಡ್ತೀರಿ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ಅಕ್ಷಯ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಸಣ್ಣ ವಿಷಯ ಅಂಕಲ್. ಕಂಪ್ಯೂಟರಿಗೆ ನಾನು ಬರೆದು ಕೊಟ್ಟ ಸ್ಕ್ರಿಪ್ಟ್ ಸರಿ ಉಂಟು. ಡೇಟಾದಲ್ಲಿ ಪ್ರಾಬ್ಲಮ್ಮು."

"ಡೇಟಾ ಅಂದ್ರೆ ನಾನಾ?"

ಅಕ್ಷಯ ಬೆಂಗಳೂರಿನ ಕೆಲಸವನ್ನು ಉಡುಪಿಯ ಮನೆಯಲ್ಲೇ ಕೂತು ಮಾಡಲು ಶುರು ಮಾಡಿದ ಮೇಲೆ ಊರಿನಲ್ಲಿ ಯಾರು ಏನು ಮಾಡುತ್ತಿದ್ದರೂ ಅವನದ್ದು ಒಂದೇ ಪ್ರಶ್ನೆ: "ಇದನ್ನು ಕೈಯಲ್ಲಿ ಯಾಕೆ ಮಾಡ್ತೀರಿ?" ಅವನಮ್ಮ ಕೊತ್ತಂಬರಿ ಸೊಪ್ಪು ಬಿಡಿಸುವಾಗಲೂ ಕೇಳಿದ್ದಾನಂತೆ. ಸಮಿತಿಯ ಪಟ್ಟಿ ಅವನ ಕೈಗೆ ಬಿದ್ದದ್ದು ಹಾಗೆ. ಪುರುಷಣ್ಣ ಒಂದು ಸಂಜೆ ಚಾಪೆ ಮೇಲೆ ಕೂತು ಮುಗಿಸುತ್ತಿದ್ದ ಕೆಲಸಕ್ಕೆ ಇವನು ಮಳೆಗಾಲದ ಅರ್ಧ ಭಾನುವಾರಗಳನ್ನು ಹಾಕಿದ್ದ. ಈಗ ಒಂದೇ ಕಮಾಂಡಿನಲ್ಲಿ ಆಗ್ತದೆ ಅನ್ನುವುದು ಅವನ ಹೆಮ್ಮೆ. ಆ ಕಮಾಂಡು ಆದದ್ದು ಹೇಗೆ ಅನ್ನುವುದು ಅವನಮ್ಮನ ಗೋಳು.

"ನೋಡಿ, ಮೌಸ್ ಮುಟ್ಟುವ ಕೆಲಸವೇ ಇಲ್ಲ" ಎಂದು ಅಕ್ಷಯ ಕಪ್ಪು ಪರದೆಯನ್ನು ನಮ್ಮ ಕಡೆ ತಿರುಗಿಸಿದ. "ಪಟ್ಟಿ ಸಿಎಸ್‌ವಿ ಆಗ್ತದೆ, ಅಂದ್ರೆ ಕೊಮಾ ಹಾಕಿ ಬೇರೆ ಮಾಡಿದ ಸಾದಾ ಫೈಲು. ಆಕ್ ಅದನ್ನು ವಾರ್ಡಿನ ಪ್ರಕಾರ ಒಡೀತದೆ. ಪೈಥಾನ್ ರಶೀದಿ ಮಾಡ್ತದೆ."

"ಆಕ್ ಅಂದ್ರೆ?"

"ಪಟ್ಟಿಯ ಸಾಲುಗಳನ್ನು ಕತ್ತರಿಸಿ ಕೊಡುವ ಪ್ರೋಗ್ರಾಂ, 1977ರದ್ದು. ಬೆಲ್ ಲ್ಯಾಬ್ಸಿನಲ್ಲಿ ಮೂರು ಜನ ಬರೆದದ್ದು, ಅವರ ಹೆಸರಿನ ಮೊದಲ ಅಕ್ಷರಗಳೇ. ಆಹೊ, ವೈನ್‌ಬರ್ಗರ್, ಕರ್ನಿಹನ್."

"ಕಾರ್ನಾಡಿನವರಾ? ಮೂಲ್ಕಿ ಹತ್ತಿರದ್ದು?" ಕಾಮತ್ ಮಾಮ್‌ಗೆ ಆಸಕ್ತಿ ಹುಟ್ಟಿತು.

"ಕರ್ನಿಹನ್, ಮಾಮ್. ಕೆನಡಾದವರು."

"ಓ" ಎಂದು ಮಾಮ್ ಗೋಳಿಬಜೆಗೆ ಮರಳಿದರು.

ಸುಮಕ್ಕ ಸಿಎ ಆಫೀಸಿನಲ್ಲಿ ಕೆಲಸ ಮಾಡುವವರು. ಎಕ್ಸೆಲ್ಲಿನ ಜಾತಕ ಬಲ್ಲವರು. "ಅಕ್ಷಯ, ನೀನು ನಡುವೆ ಆ ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್ಲಿನಲ್ಲಿ ತೆರೆದು ಸೇವ್ ಮಾಡಿದ್ಯಾ?"

"ಒಂದೇ ಸಲ. ಚೆಕ್ ಮಾಡ್ಲಿಕ್ಕೆ."

"ಅಲ್ಲೇ ಹೋಯ್ತು. ತೆರೆದ ಕೂಡಲೇ ತಾರೀಕು ಮಾಡಿಬಿಡ್ತದೆ. ಒಳಗೆ ತರುವಾಗಲೇ ಆ ಕಾಲಂ ಟೆಕ್ಸ್ಟ್ ಅಂತ ಹೇಳ್ಬೇಕು."

"ಚೆಕ್ ಮಾಡಿದ್ದಕ್ಕೇ ಹಾಳಾಯ್ತಾ!" ಪುರುಷಣ್ಣನಿಗೆ ಇದು ತುಂಬಾ ಹಿಡಿಸಿತು. "ನಮ್ಮ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ನಿಗೆ ಬರುವವರು ಸಹ ಹೀಗೆಯೇ. ಅದಿರ್ಲಿ, ನನ್ನ ಮನೆ ಎಂತ ಆಗಿದೆ ನೋಡು. 2-45."

ಅಕ್ಷಯ ನೋಡಿದ. 45 ಅನ್ನುವ ತಾರೀಕೂ ಇಲ್ಲ, ತಿಂಗಳೂ ಇಲ್ಲ. ಆದರೆ ಎಕ್ಸೆಲ್ ಅಷ್ಟಕ್ಕೆ ಸೋಲುವ ಪೈಕಿಯಲ್ಲ, 45 ಅಂದ್ರೆ ವರ್ಷ ಇರಬೇಕು ಅಂದುಕೊಂಡಿತ್ತು. ಪುರುಷಣ್ಣನ ಮನೆ 1945ರ ಫೆಬ್ರವರಿಯಲ್ಲಿತ್ತು.

"ಸ್ವಾತಂತ್ರ್ಯ ಬರ್ಲಿಕ್ಕೆ ಇನ್ನೂ ಎರಡು ವರ್ಷ ಉಂಟು. ಮನೆಯಲ್ಲಿ ಬ್ರಿಟಿಷರ ಕಾಲ ನಡೀತಾ ಉಂಟು ಅಂತ ನನಗೂ ಆಗಾಗ ಅನಿಸುವುದುಂಟು."

"ನಂದು 2-145" ಎಂದರು ಕಾಮತ್ ಮಾಮ್.

"ನಿಮ್ದು ಹಾಗೇ ಉಂಟು. 145 ಯಾವುದಕ್ಕೂ ಹೊಂದಲಿಲ್ಲ."

"ಬಚಾವ್" ಎಂದು ಮಾಮ್ ಎಲ್ಲರನ್ನೂ ಒಮ್ಮೆ ನೋಡಿದರು, ವಾರ್ಡಿನ ಕೊನೆಯಲ್ಲಿ ಮನೆ ಕಟ್ಟಿದ್ದು ದೂರದೃಷ್ಟಿಯಿಂದಲೇ ಎಂಬಂತೆ.

"ಈಗ ಸರಿ ಮಾಡ್ತೇನೆ, ಕಾಲಂ ಅನ್ನು ಟೆಕ್ಸ್ಟ್ ಮಾಡಿದ್ರೆ ಆಯ್ತು" ಎಂದು ಅಕ್ಷಯ ಏನೋ ಒತ್ತಿದ. ಒತ್ತಿದವನೇ ಸುಮ್ಮನಾದ. ಪುರುಷಣ್ಣ ಕನ್ನಡಕ ಏರಿಸಿ ಬಗ್ಗಿದರು. ಅವರ ಮನೆ ನಂಬ್ರ ಈಗ 16469 ಆಗಿತ್ತು.

"ನಮ್ಮ ವಾರ್ಡಿನಲ್ಲಿ ಇಷ್ಟು ಮನೆ ಯಾವಾಗ ಎದ್ದದ್ದು?"

"ಒಳಗಿನ ಲೆಕ್ಕ ಪುರುಷಣ್ಣ" ಎಂದರು ಸುಮಕ್ಕ. "1900ರ ಜನವರಿ 1 ಅಂದ್ರೆ ಒಂದು. ಅಲ್ಲಿಂದ ದಿನ ಎಣಿಸುತ್ತಾ ಬಂದ್ರೆ 1945ರ ಫೆಬ್ರವರಿ 1ಕ್ಕೆ 16469. ಅದರಲ್ಲೂ ಒಂದು ದಿನ ಜಾಸ್ತಿ ಉಂಟು."

"ಹೇಗೆ ಜಾಸ್ತಿ?"

"1900ಕ್ಕೆ ಫೆಬ್ರವರಿ 29 ಇರಲಿಲ್ಲ. ಎಕ್ಸೆಲ್ಲಿನಲ್ಲಿ ಉಂಟು. ಮೊದಲು ಲೋಟಸ್ 1-2-3 ಅಂತ ಇತ್ತಲ್ಲ, 1983ರದ್ದು, ಅದರಲ್ಲಿ ಹಾಗೆ ತಪ್ಪಿತ್ತು. ಆ ಫೈಲುಗಳು ಇದರಲ್ಲೂ ನಡೀಬೇಕು ಅಂತ ತಪ್ಪನ್ನೂ ಹಾಗೇ ಇಟ್ಟುಕೊಂಡರು."

"ನಮ್ಮ ಪಂಚಾಂಗದವರಿಗೆ ಅಧಿಕ ಮಾಸ. ಇವರಿಗೆ ಅಧಿಕ ದಿನ" ಎಂದರು ಪುರುಷಣ್ಣ. "ವ್ಯತ್ಯಾಸ ಎಂತದ್ದು ಅಂದ್ರೆ ಅಧಿಕ ಮಾಸದಲ್ಲಿ ಮದುವೆ ಇಡುವುದಿಲ್ಲ, ಅಧಿಕ ದಿನವನ್ನು ನಂಬಿ ಲೋಕದ ಲೆಕ್ಕ ಎಲ್ಲ ಇಟ್ಟಿದ್ದಾರೆ."

ಅಕ್ಷಯನಿಗೆ ಸ್ವಲ್ಪ ಆಧಾರ ಬೇಕಾಗಿತ್ತು. "ನಮಗೆ ಮಾತ್ರ ಅಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇದೇ ಕತೆ. ಮನುಷ್ಯರ ಜೀನುಗಳಲ್ಲಿ ಮಾರ್ಚ್1, ಸೆಪ್ಟ್1 ಅಂತೆಲ್ಲ ಹೆಸರಿತ್ತು. ಎಕ್ಸೆಲ್ ಅದನ್ನೆಲ್ಲ ತಾರೀಕು ಮಾಡ್ತಿತ್ತು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿಯೇ ಹೆಸರು ಬದಲಾಯಿಸಿತು. ಸೆಪ್ಟ್1 ಈಗ ಸೆಪ್ಟಿನ್1."

"ಅಂದ್ರೆ ಎಕ್ಸೆಲ್ಲಿಗೆ ತೊಂದರೆ ಆಗ್ತದೆ ಅಂತ ಮನುಷ್ಯರು ಹೆಸರು ತಿದ್ದಿಕೊಂಡರು!" ಪುರುಷಣ್ಣ ಲೋಟ ಕೆಳಗಿಟ್ಟರು. "ಶೆಟ್ರೇ, ಉಪಾಯ ಸಿಕ್ಕಿತು. ಪಂಚಾಯತಿಗೆ ಒಂದು ಅರ್ಜಿ ಕೊಟ್ಟು ಮನೆ ನಂಬ್ರ ಬದಲಾಯಿಸಿ. ಕಾರಣ: ಅಕ್ಷಯ."

"ನಾನು ಮನೆಯನ್ನೇ ಬದಲಾಯಿಸ್ತೇನೆ. ಈಗ ಪೋಸ್ಟಿನವ ಡಿಸೆಂಬರಿನಲ್ಲಿ ಮಾತ್ರ ಬಂದ್ರೆ ಎಂತ ಮಾಡುವುದು?"

ಮಾತು ಎಲ್ಲಿಂದ ಎಲ್ಲಿಗೋ ಹೋಯಿತು. ಒಂದು ಶೀಟಿನಲ್ಲಿ ಎಷ್ಟು ಸಾಲು ಹಿಡಿಯುತ್ತದೆ ಎಂದು ಶೆಟ್ರು ಕೇಳಿದರು. 10,48,576 ಎಂದ ಅಕ್ಷಯ, ತಾನೇ ಸಾಲು ಎಳೆದವನ ಹಾಗೆ. ಪುರುಷಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಉಡುಪಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲೇ ಹನ್ನೊಂದು ಮುಕ್ಕಾಲು ಲಕ್ಷ. ಅಂದ್ರೆ ಜಿಲ್ಲೆಯನ್ನು ಒಂದು ಶೀಟಿಗೆ ಹಾಕಿದರೆ ಲಕ್ಷಕ್ಕೂ ಮೇಲೆ ಜನ ಹೊರಗೆ ಉಳಿಯುತ್ತಾರೆ.

"ಯಾರನ್ನು ಬಿಡುವುದು? ಬೈಂದೂರಿನವರನ್ನಾ?"

"ನಗ್ಬೇಡಿ, ಹಾಗೆ ಆದದ್ದುಂಟು" ಎಂದರು ಸುಮಕ್ಕ. "2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಲೆಕ್ಕದಿಂದ ಹದಿನಾರು ಸಾವಿರದಷ್ಟು ಕೇಸು ಬಿಟ್ಟುಹೋಗಿತ್ತು. ಹಳೇ ನಮೂನೆಯ ಫೈಲು, ಅದರಲ್ಲಿ 65,536 ಸಾಲು ಮಾತ್ರ. ತುಂಬಿದ ಮೇಲೆ ಬಂದವರಿಗೆ ಜಾಗ ಇಲ್ಲ."

ಕಾಮತ್ ಮಾಮ್ ಇಷ್ಟು ಹೊತ್ತು ತನ್ನ ರಶೀದಿಯನ್ನು ಅಂಗಿಯ ಕಿಸೆಯಿಂದ ತೆಗೆದಿರಲಿಲ್ಲ. ಶೆಟ್ರು ಎಳೆದೇ ತೆಗೆದರು. ಮನೆ ನಂಬ್ರ ಸರಿ ಇತ್ತು. ಮೊತ್ತ: ಒಂದು ರೂಪಾಯಿ.

"ಮಾಮ್, ನೀವು ಬರೆಸಿದ್ದು 1,001 ಅಲ್ವಾ?"

"ಕೊಮಾ ಅಂಕಲ್" ಎಂದ ಅಕ್ಷಯ, ದನಿ ಸಣ್ಣದಾಗಿ. "ಕೊಮಾ ಕಂಡಲ್ಲಿ ಕತ್ತರಿಸು ಅಂತ ಆಕ್‌ಗೆ ಹೇಳಿದ್ದೆ. ಒಂದು ಈ ಕಡೆ ಬಂತು, 001 ಪಕ್ಕದ ಕಾಲಮಿಗೆ ಹೋಯ್ತು."

"ಪರವಾಗಿಲ್ಲ, ಪರವಾಗಿಲ್ಲ" ಎಂದರು ಮಾಮ್ ಬಹಳ ಉದಾರವಾಗಿ. "ಹುಡುಗ ಕಷ್ಟಪಟ್ಟಿದ್ದಾನೆ. ತಿದ್ದುವುದೆಲ್ಲ ಬೇಡ. ನಾನು ಒಂದೇ ರೂಪಾಯಿ ಕೊಡ್ತೇನೆ."

"ಮೊದಲು ಕೆಲಸ ಒಂದಿತ್ತು" ಎಂದರು ಪುರುಷಣ್ಣ. "ಪಟ್ಟಿ ಬರೆಯುವುದು. ಈಗ ಎರಡು. ಸ್ಕ್ರಿಪ್ಟ್ ಸಾಕುವುದು, ಅದು ಮಾಡಿದ್ದನ್ನು ಗುಡಿಸುವುದು."

ಸುಮಕ್ಕ ಅಕ್ಷಯನ ಪರ ನಿಂತರು. ಅವರ ಆಫೀಸಿನಲ್ಲಿ ತಿಂಗಳು ತಿಂಗಳು ಜಿಎಸ್‌ಟಿ ತಾಳೆ ನೋಡುವುದುಂಟು, ಅದೇ ಫೈಲು, ಅದೇ ಕಾಲಂ, ಸಾವಿರಗಟ್ಟಲೆ ಬಿಲ್ಲು. ಅದಕ್ಕೆ ಇಂಥದ್ದೊಂದು ಸ್ಕ್ರಿಪ್ಟ್ ಇಲ್ಲದಿದ್ದರೆ ಹುಡುಗಿಯರಿಗೆ ರಾತ್ರಿ ಹತ್ತು ಗಂಟೆಯ ಮೊದಲು ಮನೆ ಇಲ್ಲ. "ಒಂದೇ ಥರದ್ದು, ಮತ್ತೆ ಮತ್ತೆ ಬರುವುದು ಇದ್ರೆ ಮಾಡ್ಲೇಬೇಕು. ವಂತಿಗೆ ಹಾಗಲ್ಲ. ವರ್ಷಕ್ಕೆ ಒಂದು ಸಲ, ಮನೆಗೆ ಒಂದು ಥರ."

"ಅದೇ ನಾನೂ ಹೇಳುವುದು!" ಎಂದರು ಪುರುಷಣ್ಣ, ಅದನ್ನು ಹೇಳಿಯೇ ಇರದಿದ್ದರೂ.

"ಆದರೆ ಕಲೆಕ್ಷನ್ ನೋಡಿ ಅಂಕಲ್" ಎಂದ ಅಕ್ಷಯ. "ಹೋದ ವರ್ಷಕ್ಕಿಂತ ಬೇಗ ಬಂತು. ರಿಮೈಂಡರಿನಿಂದ."

"ರಿಮೈಂಡರಾ ಅದು!" ಶೆಟ್ರು ಕುರ್ಚಿಯಿಂದ ಅರ್ಧ ಎದ್ದರು. "ಬೆಳಿಗ್ಗೆ ಆರು ಗಂಟೆಗೆ ವಾಕಿಂಗ್ ಹೊರಟವ ನಾನು. ಟಿಂಗ್. 'ನಿಮ್ಮ ವಂತಿಗೆ ಬಾಕಿ ಇದೆ.' ನಾಲ್ಕು ಹೆಜ್ಜೆ ಹಾಕಿದೆ, ಟಿಂಗ್. ಏಳು ಗಂಟೆ ಆಗುವವರೆಗೆ ನಿಮಿಷಕ್ಕೊಂದು. ಮನೆ ಜಪ್ತಿ ಮಾಡ್ಲಿಕ್ಕೆ ಬರ್ತಾರೆ ಅಂತ ಹೆದರಿ ಓಡಿ ಬಂದು ಕೊಟ್ಟದ್ದು ನಾನು."

ಸಂಗತಿ ಇಷ್ಟು. ಕ್ರಾನ್ ಅಂತ ಒಂದುಂಟು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡುವಂಥದ್ದು. ಅದಕ್ಕೆ ಹೊತ್ತು ಹೇಳಲು ಐದು ಜಾಗ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ನಕ್ಷತ್ರ ಹಾಕಿದರೆ 'ಪ್ರತಿಯೊಂದೂ' ಎಂದರ್ಥ. ಆರು ಗಂಟೆಗೆ ಒಮ್ಮೆ ಎನ್ನಲು ನಿಮಿಷದ ಜಾಗದಲ್ಲಿ ಸೊನ್ನೆ ಹಾಕಬೇಕಿತ್ತು. ಅಕ್ಷಯ ನಕ್ಷತ್ರ ಹಾಕಿದ್ದ. ಆರು ಗಂಟೆಯ ಅರುವತ್ತು ನಿಮಿಷಕ್ಕೂ ಒಂದೊಂದು ಹೋಯಿತು.

"ಜಾತಕದಲ್ಲಿ ನಕ್ಷತ್ರ ತಪ್ಪಿದ್ರೆ ಒಂದು ಮದುವೆ ಮಾತ್ರ ತಪ್ಪುವುದು" ಎಂದರು ಪುರುಷಣ್ಣ. ನಗು ನಿಲ್ಲುವವರೆಗೆ ಕಾದು, "ಗುಲಾಬಿಯಕ್ಕನಿಗೂ ಹೋಗಿತ್ತು" ಎಂದರು.

"ಯಾರು?"

"ಸಾಲು 88. ನಿನಗೆ ಹಾಗೆ ಹೇಳಿದ್ರೆ ಗೊತ್ತಾದೀತು. ಫೋನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದಿದ್ದರು. 'ನಾನು ಯಾರಿಗೆ ಬಾಕಿ ಅಣ್ಣಾ?' ಅಂತ ಕೇಳಿದರು."

ಅಕ್ಷಯ ಪರದೆ ನೋಡಿದ. "ಆ ಸಾಲಿನಲ್ಲಿ ಮೊತ್ತ ಖಾಲಿ ಇತ್ತು. ಖಾಲಿ ಅಂದ್ರೆ ಬಾಕಿ ಅಂತ..."

ಪುರುಷಣ್ಣ ಚೀಲದಿಂದ ಹಳೇ ವಂತಿಗೆ ಪುಸ್ತಕ ತೆಗೆದರು. ಉದ್ದದ, ಕೆಂಪು ಬಟ್ಟೆ ಬೈಂಡಿನದ್ದು. ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ. ಒಂದು ಹೆಸರಿನ ಪಕ್ಕ 'ನಾಯಿ ಉಂಟು'. ಇನ್ನೊಂದರ ಪಕ್ಕ 'ಮಗಳ ಮದುವೆ, ಈ ವರ್ಷ ಕೇಳುವುದು ಬೇಡ'. ಮತ್ತೊಂದಕ್ಕೆ 'ಅಣ್ಣ ತಮ್ಮ ಮಾತಿಲ್ಲ, ಎರಡು ರಶೀದಿ'. ಗುಲಾಬಿಯಕ್ಕನ ಹೆಸರಿನೆದುರು 'ಹಿಂದಿನ ಬಾಗಿಲು, ಕೊಟ್ಟಷ್ಟು'.

"ಇದೆಲ್ಲ ಒಂದು ರಿಮಾರ್ಕ್ಸ್ ಕಾಲಂ ಮಾಡಿ ಹಾಕುವ" ಅಂದ ಅಕ್ಷಯ, ಒಳ್ಳೆಯ ಮನಸ್ಸಿನಿಂದಲೇ.

"ಹಾಕು. ಸಂಜೆಯೊಳಗೆ ಶೀಟು ವಾಟ್ಸಾಪ್ ಗ್ರೂಪಿಗೆ ಬೀಳ್ತದೆ. ಅಣ್ಣ ತಮ್ಮ ಮಾತಾಡ್ತಾರೆ, ನನಗೆ ಬೈಲಿಕ್ಕೆ."

ಹೊರಗೆ ರಥಬೀದಿಯಲ್ಲಿ ಮಳೆ ಶುರುವಾಗಿತ್ತು. ಇನ್ನೊಂದು ಸುತ್ತು ಕಷಾಯ ಬಂತು. ಪುರುಷಣ್ಣನಿಗೆ ಬ್ಯಾಂಕು ನೆನಪಾಯಿತು, ಅವರಿಗೆ ಕಷಾಯ ಎರಡನೇ ಸಲ ಬಂದರೆ ಬ್ಯಾಂಕು ನೆನಪಾಗುವುದು ಇದ್ದದ್ದೇ. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ದಿನದಿನದ ಸಣ್ಣ ಉಳಿತಾಯ ಶುರು ಮಾಡಿದಾಗ ಏಜೆಂಟ್ ದಿನಕ್ಕೆ ಎರಡಾಣೆ ತರಲು ಮನೆ ಬಾಗಿಲಿಗೆ ಹೋಗುತ್ತಿದ್ದ. "ಎರಡಾಣೆಗೆ ಒಬ್ಬ ಮನುಷ್ಯ! ಇವನ ಲೆಕ್ಕದಲ್ಲಿ ಅದು ವೇಸ್ಟು. ಆದರೆ ಬಿಡುಗಾಸಿನವರಿಗೂ ಬ್ಯಾಂಕು ಅಂತ ಆದದ್ದು ಹಾಗೆ. ನಮ್ಮ ಕಾಲದ ಪಿಗ್ಮಿಯವನಿಗೆ ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ ಅಂತ ಗೊತ್ತಿರ್ತಿತ್ತು. ಆ ದಿನ ಗೇಟಿನ ಹತ್ತಿರ ಬೆಲ್ಲು ಮಾಡದೆ ಸೈಕಲ್ ದಾಟಿಸಿಕೊಂಡು ಹೋಗ್ತಿದ್ದ."

"ಈಗ ಬ್ಯಾಂಕೇ ಇಲ್ವಲ್ಲ" ಎಂದರು ಶೆಟ್ರು.

"ಇಲ್ಲ ಅಂತ ಅಲ್ಲ, ಮರ್ಜ್ ಆದದ್ದು. 2019ರಲ್ಲಿ ಮಂಗಳೂರಿನ ವಿಜಯಾ, 2020ರಲ್ಲಿ ನಮ್ಮ ಉಡುಪಿಯ ಎರಡೂ. ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ನಿಗೆ."

"ಎಕ್ಸೆಲ್ಲಿನಲ್ಲಿ ಸೆಲ್ ಮರ್ಜ್ ಮಾಡ್ತಾರಲ್ಲ, ಹಾಗೆ" ಎಂದರು ಕಾಮತ್ ಮಾಮ್, ತನಗೂ ಒಂದು ಗೊತ್ತು ಎಂಬ ಖುಷಿಯಲ್ಲಿ.

ಸುಮಕ್ಕ ಬಾಯಿ ತಪ್ಪಿ ಹೇಳಿಬಿಟ್ಟರು: "ಮರ್ಜ್ ಮಾಡಿದ್ರೆ ಎಡಗಡೆ ಮೇಲಿನ ಸೆಲ್ಲಿನದ್ದು ಮಾತ್ರ ಉಳಿಯುವುದು. ಬಾಕಿಯದ್ದೆಲ್ಲ ಅಳಿಸಿ ಹೋಗ್ತದೆ."

"ಅಳಿಸುವ ಮೊದಲು ಒಂದು ಸಲ ಕೇಳ್ತದಲ್ಲ, ಓಕೆಯಾ ಅಂತ" ಎಂದರು ಪುರುಷಣ್ಣ. "ನಮ್ಮಲ್ಲಿ ಅದೂ ಕೇಳಲಿಲ್ಲ."

ಅಕ್ಷಯ ಲ್ಯಾಪ್‌ಟಾಪು ಮಡಚಿದ. ಕ್ರಾನ್ ನಿಲ್ಲಿಸಿದ್ದೇನೆ ಎಂದ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಭಾನುವಾರ ಗುಲಾಬಿಯಕ್ಕನ ಮನೆಗೆ ನಾನೇ ಹೋಗಿ ಬರ್ಲಾ?" ಎಂದು ಕೇಳಿದ.

"ಹೋಗು. ನಾಲ್ಕೂವರೆಗೆ ಹೋಗು, ಮಧ್ಯಾಹ್ನ ಮಲಗಿರ್ತಾರೆ. ಹಿಂದಿನ ಬಾಗಿಲಿಗೆ ಹೋಗು, ಮುಂದಿನದ್ದು ಚಿಲಕ ಸಿಕ್ಕಿಹಾಕಿಕೊಳ್ತದೆ. ಅವಲಕ್ಕಿ ಕೊಡ್ತಾರೆ, ಬೇಡ ಅನ್ನಬೇಡ. ಮತ್ತೆ ಹೋದ ಕೂಡಲೇ ವಂತಿಗೆ ಸುದ್ದಿ ಎತ್ತಬೇಡ. ಮೊದಲು ದನ ಹೇಗುಂಟು ಅಂತ ಕೇಳು. ಅವರ ಅರ್ಧ ಜೀವ ಆ ದನದಲ್ಲಿ."

ಅಕ್ಷಯ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಶೆಟ್ರು ಕೆಮ್ಮಿದರು.

"ಪುರುಷಣ್ಣ, ಆ ದನ ಸತ್ತು ಎರಡು ಮಳೆಗಾಲ ಆಯ್ತಲ್ಲ."

"ಹೌದಾ!" ಪುರುಷಣ್ಣ ಅಂಗಿ ಕಿಸೆಯಲ್ಲಿ ಪೆನ್ಸಿಲು ಹುಡುಕುತ್ತಾ ಪುಸ್ತಕ ಬಿಡಿಸಿದರು. "ಯಾವುದು? ಕಪ್ಪಿನದ್ದಾ, ಕೆಂಪಿನದ್ದಾ?"