ಪದಚರ್ಚೆ: ‘ಅಡೋಬಿ’ ಮನೆಯ ಕಿರುಮಾದರಿ – ಫಲಕಕ್ಕೆ ಕನ್ನಡ ಪದ ಬೇಕಾಗಿದೆ

ಪ್ರಶ್ನೆ, ಬೆಂಗಳೂರಿನಿಂದ

ಮಾನ್ಯರೇ,

ಮೇಜಿನ ಮೇಲೆ ಒಂದಂಗುಲದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ, ಅಳತೆಪಟ್ಟಿ ಹಿಡಿದು ಹಳೆಯ ಕಾಳಗಗಳನ್ನು ಮರಳಿ ಆಡುವ ಹವ್ಯಾಸಿಗಳ ಗುಂಪೊಂದು, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ತಾವೋಸ್ ಪ್ವೆಬ್ಲೊ ಎಂಬ ಮೂಲನಿವಾಸಿಗಳ ಊರಿನಲ್ಲಿ 1847ರ ಫೆಬ್ರವರಿಯಲ್ಲಿ ನಡೆದ ಮುತ್ತಿಗೆಯನ್ನು ಶಾಲಾಮಕ್ಕಳ ಮುಂದೆ ಪ್ರದರ್ಶಿಸಲಿದೆ. ಆ ಊರಿನ ಮಣ್ಣಿನ ಮನೆಗಳನ್ನು ಅವರೇ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಸಿದ್ಧಪಡಿಸಿದ್ದಾರೆ. ಫಲಕಗಳ ಕನ್ನಡ ಪಾಠ ನನ್ನ ಪಾಲಿಗೆ ಬಂದಿದ್ದು, ಶುಕ್ರವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು.

ಬಿಸಿಲಿಗೆ ಒಣಗಿಸಿದ ಅಲ್ಲಿನ ಮಣ್ಣಿನ ಇಟ್ಟಿಗೆಯನ್ನು ‘ಅಡೋಬಿ’ ಎಂದು ಹಾಗೆಯೇ ಬರೆದರೆ ಮಕ್ಕಳು ಕಂಪ್ಯೂಟರಿನ ತಂತ್ರಾಂಶವೆಂದುಕೊಳ್ಳುತ್ತಾರೆ. ‘ಮಣ್ಣಿನ ಮನೆ’ ಎಂದರೆ ತೀರ ಸಡಿಲವಾಗುತ್ತದೆ, ಏಕೆಂದರೆ ತಡಿಕೆಗೆ ಮಣ್ಣು ಮೆತ್ತಿದ ಗುಡಿಸಲೂ ಮಣ್ಣಿನ ಮನೆಯೇ. ಇದಲ್ಲದೆ, ಚಪ್ಪಟೆ ಚಾವಣಿಯಿಂದ ಗೋಡೆಯಾಚೆ ಚಾಚಿಕೊಂಡಿರುವ ಮರದ ತುದಿಗಳಿಗೂ (ಅಲ್ಲಿಯವರು ‘ವಿಗಾ’ ಎನ್ನುತ್ತಾರೆ), ಮಳೆನೀರನ್ನು ಗೋಡೆಯಿಂದ ದೂರ ಚೆಲ್ಲುವ ಮರದ ದೋಣಿಗೂ (‘ಕನಾಲೆ’), ಕುಂಚದ ಬಣ್ಣವನ್ನು ಬಹುಪಾಲು ಒರೆಸಿಕೊಂಡು ಉಬ್ಬುಗಳನ್ನಷ್ಟೇ ಸವರುವ ವಿಧಾನಕ್ಕೂ ಪದಗಳು ಬೇಕು. ಬಲ್ಲವರು ದಯವಿಟ್ಟು ಬೇಗ ತಿಳಿಸಬೇಕು.

ಉತ್ತರ, ಧಾರವಾಡದಿಂದ

ಹಸಿ ಇಟ್ಟಿಗೆ. ಇದರಲ್ಲಿ ಚರ್ಚಿಸುವಂಥದ್ದು ಏನಿದೆಯೋ ನನಗೆ ತಿಳಿಯದು. ಚಪ್ಪಟೆ ಮಣ್ಣಿನ ಚಾವಣಿಯ ಮನೆಗೆ ನಮ್ಮ ಕಡೆ ಮಾಳಿಗೆ ಮನೆ ಎನ್ನುತ್ತಾರೆ. ಗೋಡೆಯಾಚೆ ಚಾಚಿದ್ದು ತೊಲೆಯ ತುದಿ, ತೊಲೆಗಳ ಮೇಲೆ ಅಡ್ಡಲಾಗಿ ಹಾಸಿದ್ದು ಜಂತಿ, ಚಾವಣಿಯ ಅಂಚಿನ ಗಿಡ್ಡ ಗೋಡೆ ಕುಂಬಿ, ನೀರು ಚೆಲ್ಲುವುದು ಹರನಾಳಿಗೆ. ನಿಘಂಟು ತೆರೆಯುವ ಮೊದಲು ಹಳ್ಳಿಯ ಗೌಂಡಿಯೊಬ್ಬನನ್ನು ಕೇಳಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಉತ್ತರ, ಮೈಸೂರಿನಿಂದ

ಧಾರವಾಡದ ಮಿತ್ರರು ಹಸಿ ಇಟ್ಟಿಗೆಯನ್ನು ತಮ್ಮ ಕಡೆಯ ಗೌಂಡಿಯ ಸ್ವತ್ತೆಂಬಂತೆ ಬರೆದಿದ್ದಾರೆ. ಇಟ್ಟಿಗೆಯು ‘ಇಷ್ಟಕಾ’ದ ತದ್ಭವವೆಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಸುಡದ ಇಟ್ಟಿಗೆಗೆ ‘ಆಮೇಷ್ಟಕ’ ಎಂಬ ಸಿದ್ಧಪದವೇ ಇದೆ. ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಕನ್ನ ಕೊರೆಯಲು ಬಂದ ಶರ್ವಿಲಕನು ತನ್ನ ವಿದ್ಯೆಯ ನಾಲ್ಕು ಉಪಾಯಗಳನ್ನು ಎಣಿಸುತ್ತಾನೆ: ಸುಟ್ಟ ಇಟ್ಟಿಗೆಯಾದರೆ ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯಾದರೆ ಕಡಿಯಬೇಕು, ಮಣ್ಣುಂಡೆಯ ಗೋಡೆಯಾದರೆ ನೀರು ಹೊಯ್ಯಬೇಕು, ಮರದ್ದಾದರೆ ಸೀಳಬೇಕು. ಇಷ್ಟು ಖಚಿತವಾದ ಪರಿಭಾಷೆ ಕೈಯಲ್ಲಿರುವಾಗ ಫಲಕದಲ್ಲಿ ಆಡುಮಾತನ್ನು ಹಾಕುವುದು ಶೋಭಿಸದು. ‘ಆಮೇಷ್ಟಕ ಗೃಹದ ಲಘುಪ್ರತಿಕೃತಿ’ ಎಂದು ಬರೆಯಿರಿ.

ಉತ್ತರ, ಬಳ್ಳಾರಿಯಿಂದ

ಇಬ್ಬರೂ ಹೆಸರನ್ನು ಹಿಡಿದು ಎಳೆದಾಡುತ್ತಿದ್ದೀರಿ, ಗೋಡೆಯನ್ನು ನೋಡುತ್ತಿಲ್ಲ. ವೃತ್ತಿಯಿಂದ ನಾನು ಕಟ್ಟಡದ ಕೆಲಸದವನು. ಬಿಡುವಿನಲ್ಲಿ ಇಂಥ ಕಿರುಮನೆಗಳನ್ನು ಮಾಡುವ ಹುಚ್ಚೂ ಇದೆ.

ಅಡೋಬಿ ಎಂದರೆ ಜೇಡಿ, ಮರಳು, ಒಣಹುಲ್ಲು ಕಲಸಿ, ಮರದ ಅಚ್ಚಿಗೆ ಒತ್ತಿ, ಬಿಸಿಲಿಗೆ ಒಣಗಿಸಿದ ಇಟ್ಟಿಗೆ. ಆದರೆ ಅಚ್ಚಿನ ಈ ಪದ್ಧತಿಯನ್ನು ಆ ಸೀಮೆಗೆ ತಂದವರು ಸ್ಪೇನಿನವರು. ಅದಕ್ಕೂ ಮೊದಲು ಪ್ವೆಬ್ಲೊ ಜನರು ಕಲಸಿದ ಮಣ್ಣನ್ನು ಕೈಯಿಂದಲೇ ವರಸೆಯ ಮೇಲೆ ವರಸೆ ಪೇರಿಸಿ ಗೋಡೆ ಎಬ್ಬಿಸುತ್ತಿದ್ದರು. ಇಂಗ್ಲಿಷಿನವರು ಎರಡನ್ನೂ ಅಡೋಬಿ ಎಂದೇ ಕರೆದುಬಿಡುತ್ತಾರೆ. ಕನ್ನಡದಲ್ಲಿ ಮೊದಲನೆಯದು ಹಸಿ ಇಟ್ಟಿಗೆಯ ಗೋಡೆ, ಎರಡನೆಯದು ಮಣ್ಣುಮುದ್ದೆಯ ಗೋಡೆ. ಮೈಸೂರಿನವರ ಕಳ್ಳನಿಗೆ ಈ ಭೇದ ಗೊತ್ತಿತ್ತು, ಈ ಚರ್ಚೆಯಲ್ಲಿ ಉಳಿದವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಆ ಕಳ್ಳನ ಲೆಕ್ಕ ತಾವೋಸಿನಲ್ಲೂ ಸರಿಹೊಂದಿತು. 1847ರ ಜನವರಿ 19ರಂದು ಗವರ್ನರ್ ಚಾರ್ಲ್ಸ್ ಬೆಂಟ್‌ನನ್ನು ಅಮೆರಿಕದ ಆಳ್ವಿಕೆಯ ವಿರುದ್ಧ ಬಂಡೆದ್ದವರು ಕೊಂದ ಮೇಲೆ ಅಮೆರಿಕದ ಕರ್ನಲ್ ಸ್ಟರ್ಲಿಂಗ್ ಪ್ರೈಸ್ ದಂಡು ಕಟ್ಟಿಕೊಂಡು ಬಂದಾಗ, ಬಂಡಾಯಗಾರರಲ್ಲಿ ಬಹಳಷ್ಟು ಜನ ಸ್ಯಾನ್ ಹೆರೋನಿಮೋ ಚರ್ಚಿನೊಳಗೆ ಸೇರಿಕೊಂಡರು. ಫಿರಂಗಿ ಹೊಡೆದ ಗುಂಡುಗಳನ್ನು ಆ ದಪ್ಪ ಮಣ್ಣಿನ ಗೋಡೆ ನುಂಗಿಕೊಂಡಿತೇ ಹೊರತು ಕುಸಿಯಲಿಲ್ಲ. ಕೊನೆಗೆ ಸೈನಿಕರು ಗೋಡೆಯ ಬುಡಕ್ಕೆ ಹೋಗಿ ಕೊಡಲಿಯಿಂದ ಕಡಿದು ಕಂಡಿ ಮಾಡಿದರು. ಕಲ್ಲಿನ ಗೋಡೆಯಾಗಿದ್ದರೆ ಕೊಡಲಿ ಹಿಡಿಯುತ್ತಿರಲಿಲ್ಲ, ಸುಟ್ಟ ಇಟ್ಟಿಗೆಯಾಗಿದ್ದರೆ ಗುಂಡಿಗೆ ಒಡೆಯುತ್ತಿತ್ತು. ಈ ಆಟದಲ್ಲಿ ಗೋಡೆಯ ಬಲಕ್ಕೆ ಬೇರೆಯೇ ನಿಯಮವಿರುವುದರಿಂದ, ಫಲಕದಲ್ಲಿ ‘ಸುಡದ’ ಅಥವಾ ‘ಹಸಿ’ ಎಂಬ ವಿಶೇಷಣ ಇರಲೇಬೇಕು.

ಇನ್ನು ಮಾದರಿಯ ವಿಷಯ. 28 ಮಿಲಿಮೀಟರಿನ ಗೊಂಬೆಗೆ ಸಾಮಾನ್ಯವಾಗಿ 1:56ರ ಪ್ರಮಾಣವನ್ನು ಹಿಡಿಯುತ್ತಾರೆ. ನ್ಯೂ ಮೆಕ್ಸಿಕೋದ ರೂಢಿಯ ಹಸಿ ಇಟ್ಟಿಗೆ 14 ಇಂಚು ಉದ್ದ, 10 ಇಂಚು ಅಗಲ, 4 ಇಂಚು ದಪ್ಪವಿರುತ್ತದೆ. ಮೇಜಿನ ಮೇಲೆ ಅದು ಆರು ಮಿಲಿಮೀಟರಿಗೆ ತುಸು ಹೆಚ್ಚು ಉದ್ದ, ಎರಡಕ್ಕೆ ತುಸು ಕಡಿಮೆ ದಪ್ಪವಾಗುತ್ತದೆ. ಎರಡಡಿಯ ಗೋಡೆಗೆ 10 ಮಿಲಿಮೀಟರಿನ ಗಟ್ಟಿ ಫೋಮ್ ಹಾಳೆ ಹೆಚ್ಚೂಕಡಿಮೆ ಸರಿಹೋಗುತ್ತದೆ (ಮಣಿಮಣಿಯಾಗಿ ಉದುರುವ ಥರ್ಮೋಕೋಲ್ ಬೇಡ). ಮೂರು ಮಿಲಿಮೀಟರಿನ ಬಿದಿರುಕಡ್ಡಿ ಆರೂವರೆ ಇಂಚಿನ ತೊಲೆಯಾಗುತ್ತದೆ. ಗೋಡೆಯ ಅಂಚು, ಮೂಲೆಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಬೇಕು, ಏಕೆಂದರೆ ಮಣ್ಣಿನ ಮನೆಗೆ ಚೂಪಾದ ಮೂಲೆ ಇರುವುದಿಲ್ಲ. ಒಂದೆರಡು ಕಡೆ ಮಾತ್ರ ಸಾರಣೆ ಉದುರಿದಂತೆ ಬಿಟ್ಟು ಅಲ್ಲಿ ಪೆನ್ಸಿಲ್ ಮೊನೆಯಿಂದ ಇಟ್ಟಿಗೆಯ ಗೀರು ಹಾಕಿ, ಉಳಿದದ್ದಕ್ಕೆ ಫೆವಿಕಾಲಿನಲ್ಲಿ ಕಲಸಿದ ನುಣ್ಣನೆಯ ಮರಳನ್ನು ಬಳಿದರೆ, ಮೇಲೆ ಬಣ್ಣ ಹಿಡಿಯಲು ಒರಟುತನವೂ ಬರುತ್ತದೆ, ಫೋಮ್‌ಗೆ ರಕ್ಷಣೆಯೂ ಸಿಗುತ್ತದೆ. ರಕ್ಷಣೆಯಿಲ್ಲದ ಫೋಮ್ ಮೇಲೆ ಡಬ್ಬಿಯ ಸ್ಪ್ರೇ ಹೊಡೆದರೆ ಗೋಡೆ ಕರಗಿ ಗುಳಿ ಬೀಳುತ್ತದೆ.

ಗಾಢ ಕಂದು ಮೊದಲು, ಅದು ಒಣಗಿದ ಮೇಲೆ ತಿಳಿಗಂದು, ಕೊನೆಗೆ ಗೋದಿಬಣ್ಣ. ಹಲವರು ಇಟ್ಟಿಗೆ ಎಂಬ ಮಾತನ್ನು ಕೇಳಿದೊಡನೆ ಕೆಂಪು ಬಳಿಯುತ್ತಾರೆ. ಸುಡದ ಮಣ್ಣಿಗೆ ಆ ಕೆಂಪು ಎಲ್ಲಿಂದ ಬರಬೇಕು?

ಉತ್ತರ, ತುಮಕೂರಿನಿಂದ

ಪದದ ಮೂಲವನ್ನು ಯಾರೂ ಕೇಳಲಿಲ್ಲವಾದರೂ ಹೇಳಬೇಕಾಗಿದೆ. ಸ್ಪ್ಯಾನಿಷಿನ ‘ಅದೋಬೆ’ ಅರಬ್ಬಿಯ ‘ಅತ್ತೂಬ್’ನಿಂದ ಬಂದದ್ದು. ಅದರಲ್ಲಿ ಮುಂದಿನ ಭಾಗ ಅರಬ್ಬಿಯ ಉಪಪದ, ಉಳಿಯುವುದು ‘ತೂಬ್’. ನಮ್ಮ ಕೆರೆಗಳ ‘ತೂಬು’ ಇದೇ ಅಲ್ಲವೇ? ಕೆರೆಯ ತೂಬಿನಲ್ಲೂ ಇಟ್ಟಿಗೆ ಇರುತ್ತದೆ, ಮಣ್ಣಿನ ಏರಿಯೂ ಇರುತ್ತದೆ. ಪಶ್ಚಿಮ ಸಮುದ್ರದ ವ್ಯಾಪಾರದಲ್ಲಿ ಈ ಪದ ನಮ್ಮಿಂದ ಅತ್ತ ಹೋಗಿರಬೇಕೆಂದು ನನ್ನ ದೃಢವಾದ ನಂಬಿಕೆ. ಹಾಗಿದ್ದಮೇಲೆ ‘ತೂಬುಮನೆ’ ಎಂದು ಬರೆದು ನಮ್ಮ ಪದವನ್ನು ಮರಳಿ ಪಡೆಯಬಾರದೇಕೆ?

ಉತ್ತರ, ಮೈಸೂರಿನಿಂದ

ಅರಬ್ಬಿಯ ತೂಬ್ ಕಾಪ್ಟಿಕ್ಕಿನ ‘ತೋಬೆ’ಯಿಂದ ಬಂದದ್ದು, ಅದರ ಹಿಂದೆ ಪ್ರಾಚೀನ ಈಜಿಪ್ಟಿನ ಇಟ್ಟಿಗೆಯ ಪದವಿದೆ. ಕನ್ನಡದ ತೂಬಿಗೆ ತಮಿಳಿನ ‘ತೂಂಬು’ ಸಹೋದರಿ, ಅರ್ಥ ನೀರಿನ ಕೊಳವೆ. ಒಂದರಲ್ಲಿ ಗೋಡೆ, ಇನ್ನೊಂದರಲ್ಲಿ ತೂತು. ಮುಂದುವರಿಸುವುದು ಬೇಡ.

ಉತ್ತರ, ಶಿವಮೊಗ್ಗದಿಂದ

ಆಮೇಷ್ಟಕವನ್ನು ಸೂಚಿಸಿದವರು ಅದನ್ನು ಐದನೆಯ ತರಗತಿಯ ಹುಡುಗಿಯೊಬ್ಬಳಿಂದ ಗಟ್ಟಿಯಾಗಿ ಓದಿಸಿ ನೋಡಲಿ. ಇಟ್ಟಿಗೆಯೂ ಹೊರಗಿನದೆಂದ ಮೇಲೆ ಅಚ್ಚಗನ್ನಡದಲ್ಲಿ ‘ಮಣ್ಗಲ್ಲು’ ಎನ್ನೋಣ, ಮಾದರಿಗೆ ‘ಮಣ್ಗಲ್ಲ ಕಿರುಮನೆ’, ಆಟಕ್ಕೆ ‘ಮೇಜುಗಾಳಗ’. ಹೊಸ ಪದ ಕಟ್ಟುವ ಶಕ್ತಿ ನುಡಿಗೆ ಇದ್ದರೂ ಬೇರೆಯವರ ಮನೆಯ ಬಾಗಿಲು ತಟ್ಟುವುದು ಸೋಮಾರಿತನ.

ಉತ್ತರ, ಧಾರವಾಡದಿಂದ

ಮೇಜು ಯಾವ ಊರಿನದು? ಮಾದರಿಗೆ ಬಳಿದ ಬಣ್ಣ ‘ವರ್ಣ’ದ ತದ್ಭವ, ಬಳಿದ ಕುಂಚ ‘ಕೂರ್ಚ’ದ್ದು, ಗೋಡೆಗೆ ಹಾಕುವ ಗಿಲಾವು ಪಾರಸಿಯದು. ಇವನ್ನೆಲ್ಲ ಹೊರಗಟ್ಟಿದರೆ ಶಿವಮೊಗ್ಗದವರ ಕೈಯಲ್ಲಿ ಮಣ್ಣು ಮಾತ್ರ ಉಳಿಯುತ್ತದೆ. ಮಣ್ಗಲ್ಲು ಎಂದರೆ ಓದುವವನಿಗೆ ಕಲ್ಲು ಕಾಣುತ್ತದೆ, ಆದರೆ ಬಳ್ಳಾರಿಯವರು ಇಷ್ಟು ಹೊತ್ತು ವಿವರಿಸಿದ್ದು ಅದು ಕಲ್ಲಲ್ಲವೆಂದೇ. ಗೌಂಡಿ ದಿನವೂ ಆಡುವ ಪದಕ್ಕೆ ಪರಂಪರೆಯ ರುಜುವಾತು ಕೇಳುವವರೂ ಬೇಡ, ಅದನ್ನು ಮಡಿಮಾಡುವವರೂ ಬೇಡ.

ಉತ್ತರ, ಶಿವಮೊಗ್ಗದಿಂದ

ಎಂದೋ ಬಂದು ಬೆರೆತ ಪದ ಬೇರೆ, ಇಂದು ಕಣ್ಣು ತೆರೆದುಕೊಂಡು ತರುವ ಪದ ಬೇರೆ. ಮೇಜನ್ನು ಮುಂದಿಟ್ಟುಕೊಂಡು ಎಲ್ಲ ಕಡವನ್ನೂ ಸಮರ್ಥಿಸುವ ಈ ವಾದವನ್ನು ಪ್ರತಿ ಚರ್ಚೆಯಲ್ಲೂ ಓದಿ ಸಾಕಾಗಿದೆ.

ಪ್ರಶ್ನಿಸಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಸಮಯವಿಲ್ಲದ ಕಾರಣ ಹೀಗೆ ನಿರ್ಧರಿಸಿದ್ದೇನೆ. ಶೀರ್ಷಿಕೆಯಲ್ಲಿ ಸ್ಪ್ಯಾನಿಷ್ ಉಚ್ಚಾರದಂತೆ ‘ಅದೋಬೆ’ ಎಂದು ಒಮ್ಮೆ ಮಾತ್ರ ಬರುತ್ತದೆ, ತಂತ್ರಾಂಶದ ಗೊಂದಲವೂ ಅದರಿಂದ ತಪ್ಪುತ್ತದೆ. ಒಳಗಿನ ಪಾಠದಲ್ಲಿ ‘ಹಸಿ ಇಟ್ಟಿಗೆ’, ಸ್ಪೇನಿನವರಿಗಿಂತ ಹಿಂದಿನ ಗೋಡೆಗೆ ‘ಮಣ್ಣುಮುದ್ದೆಯ ಗೋಡೆ’. ಮಾದರಿಗೆ ‘ಕಿರುಮನೆ’, ಆಟಕ್ಕೆ ‘ಮೇಜಿನ ಕಾಳಗದಾಟ’. ತೊಲೆ, ಜಂತಿ, ಕುಂಬಿ, ಹರನಾಳಿಗೆಗಳನ್ನು ಚಿತ್ರದ ಪಕ್ಕದಲ್ಲಿ ಗೆರೆ ಎಳೆದು ತೋರಿಸುತ್ತೇವೆ. ಕುಂಚದ ವಿಧಾನಕ್ಕೆ ಯಾರೂ ಏನೂ ಹೇಳಲಿಲ್ಲ. ಹವ್ಯಾಸಿಗಳು ಡ್ರೈಬ್ರಶ್ ಎಂದೇ ಆಡಿಕೊಳ್ಳುತ್ತಾರೆ. ನಾನು ‘ಒಣಸವರಿಕೆ’ ಎಂದು ಬರೆದಿದ್ದೇನೆ, ಆಕ್ಷೇಪವಿದ್ದರೆ ಇಂದು ರಾತ್ರಿಯೊಳಗೆ ತಿಳಿಸಿ. ಇಡೀ ಮನೆಗೆ ‘ಮಾಳಿಗೆ ಮನೆ’ ಎಂದು ಹಾಕಿದ್ದೇನೆ.

ಉತ್ತರ, ಮೈಸೂರಿನಿಂದ

ಒಣಸವರಿಕೆಗೆ ಆಕ್ಷೇಪವಿಲ್ಲ, ಮಾಳಿಗೆಗೆ ಇದೆ. ನಮ್ಮ ಕಡೆಯ ಮಕ್ಕಳಿಗೆ ಮಾಳಿಗೆ ಎಂದರೆ ಮಹಡಿ.

ಉತ್ತರ, ಬಳ್ಳಾರಿಯಿಂದ

ತಾವೋಸಿನಲ್ಲಿ ಎರಡೂ ಅರ್ಥ ಸಲ್ಲುತ್ತವೆ. ಅಲ್ಲಿನ ಮನೆಗಳು ಒಂದರ ಮೇಲೊಂದು ಮೆಟ್ಟಿಲಿನಂತೆ ಏರುತ್ತವೆ, ಕೆಳಗಿನ ಮನೆಯ ಮಣ್ಣಿನ ಚಾವಣಿಯೇ ಮೇಲಿನ ಮನೆಯ ಅಂಗಳ. ಹಿಂದೆ ನೆಲಮಟ್ಟದಲ್ಲಿ ಬಾಗಿಲು ಇಡುತ್ತಿರಲಿಲ್ಲ. ಏಣಿ ಹತ್ತಿ ಮಾಳಿಗೆಗೆ ಹೋಗಿ, ಅಲ್ಲಿನ ಕಂಡಿಯಿಂದ ಒಳಗೆ ಇಳಿಯಬೇಕಿತ್ತು. ಶತ್ರು ಬಂದಾಗ ಏಣಿ ಎಳೆದುಕೊಂಡರೆ ಕೆಲಸ ಮುಗಿಯಿತು. ‘ಮಣ್ಣಿನ ಮಾಳಿಗೆ’ ಎಂದು ತಿದ್ದಿಕೊಳ್ಳಿ. ಹಾಗೆಯೇ ಚಿತ್ರದಲ್ಲಿ ಕೆಳಗಿನ ಸಾಲಿಗೆ ಬಾಗಿಲು ಬರೆದಿದ್ದಾರೆಯೇ ನೋಡಿ, ಬರೆದಿದ್ದರೆ ಅಚ್ಚಿಗೆ ಹೋಗುವ ಮುನ್ನ ತೆಗೆಸಿ.