ಅಪ್‌ಡೇಟ್: ಕೇಬಲ್ ಬದಲಿಸಿದರೆ ಸೌಂಡ್ ಬದಲಾಗುತ್ತಾ?

ಇಯರ್‌ಫೋನ್‌ನ ತಾಮ್ರದ ಕೇಬಲ್ ತೆಗೆದು ಬೆಳ್ಳಿ ಲೇಪದ್ದು ಹಾಕಿದರೆ ಸೌಂಡ್ ನಿಜಕ್ಕೂ ಬದಲಾಗುತ್ತಾ ಅಂತ ಕೇಳಿದ್ದೆ ಅಲ್ವಾ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಎರಡನ್ನೂ ಮಲ್ಟಿಮೀಟರ್‌ನಲ್ಲಿ ಅಳೆದೆ. ಮೊದಲು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ, ಆಗ ಬರುವ ಅಳತೆಯನ್ನು ಕಳೆಯಲೇಬೇಕು, ಇಲ್ಲದಿದ್ದರೆ ಇಷ್ಟು ಚಿಕ್ಕ ರೆಸಿಸ್ಟೆನ್ಸ್ ಸರಿಯಾಗಿ ಸಿಗಲ್ಲ. ಹಳೆಯ ತೆಳ್ಳಗಿನ ಕೇಬಲ್ ಹೋಗಿ ಬರುವ ತಂತಿ ಎರಡೂ ಸೇರಿ ಸುಮಾರು 1 ಓಮ್. ಹೊಸದು ಅದಕ್ಕಿಂತ ತುಂಬಾ ಕಡಿಮೆ. ಆದರೆ ಇದಕ್ಕೆ ಕಾರಣ ಬೆಳ್ಳಿ ಅಲ್ಲ. ಪೂರ್ತಿ ಬೆಳ್ಳಿ ತಂತಿಯೇ ಆದರೂ ಅದೇ ದಪ್ಪದ ತಾಮ್ರಕ್ಕಿಂತ ಸುಮಾರು 5–6% ಅಷ್ಟೇ ಕಡಿಮೆ. ಹೊಸ ಕೇಬಲ್‌ನ ತಂತಿ ದಪ್ಪ, ಅದೇ ಕಾರಣ.

ಇನ್ನು ಕಿವಿಗೆ ಏನು ಗೊತ್ತಾಗುತ್ತೆ? ಒಂದೇ ಡೈನಾಮಿಕ್ ಡ್ರೈವರ್ (ಸಾಮಾನ್ಯ ಬಗೆಯ ಪುಟ್ಟ ಸ್ಪೀಕರ್) ಇರುವ 32 ಓಮ್ ಇಯರ್‌ಫೋನ್‌ನಲ್ಲಿ 1 ಓಮ್ ಸೇರಿದರೆ ವಾಲ್ಯೂಮ್ ಹೆಚ್ಚುಕಡಿಮೆ ಕಾಲು ಡೆಸಿಬಲ್ ಇಳಿಯುತ್ತೆ, ಸ್ವರದ ಬಣ್ಣ ಹಾಗೇ ಇರುತ್ತೆ. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನೋ ಇನ್ನೊಂದು ಬಗೆಯ ಪುಟಾಣಿ ಡ್ರೈವರ್‌ಗಳು ಹಲವು ಇದ್ದರೆ ಕಥೆ ಬೇರೆ. ಅವುಗಳ ಇಂಪೀಡೆನ್ಸ್ (ಆಡಿಯೋ ಸಿಗ್ನಲ್‌ಗೆ ಒಡ್ಡುವ ಅಡ್ಡಿ) ಒಂದು ಫ್ರೀಕ್ವೆನ್ಸಿಯಲ್ಲಿ 40 ಓಮ್, ಇನ್ನೊಂದರಲ್ಲಿ 8 ಓಮ್ ಇದ್ದರೆ, ಅದೇ 1 ಓಮ್ ಒಂದು ಕಡೆ 0.2 ಡೆಸಿಬಲ್ ತಗ್ಗಿಸಿದರೆ ಇನ್ನೊಂದು ಕಡೆ ಪೂರ್ತಿ 1 ಡೆಸಿಬಲ್ ತಗ್ಗಿಸುತ್ತೆ. ನನ್ನದು ಇಂಥದ್ದೇ. ವಾಲ್ಯೂಮ್ ಸಮ ಮಾಡಿಕೊಂಡು ಕೇಳಿದಾಗಲೂ ಹೊಸ ಕೇಬಲ್‌ನಲ್ಲಿ ತಾಳದ ಝಣಝಣ ಸ್ವಲ್ಪ ಬಿಚ್ಚಿಕೊಂಡ ಹಾಗಿತ್ತು.

ಸುಮ್ನೆ ಲೋಹದ ಹೆಸರು ನೋಡಿ ದುಡ್ಡು ಹಾಕಬೇಡಿ. ಪ್ಲೇಯರ್‌ನ ಔಟ್‌ಪುಟ್ ಇಂಪೀಡೆನ್ಸ್ (ಪ್ಲೇಯರ್ ಒಳಗೇ ಇರುವ ಅಡ್ಡಿ) ಕೂಡ ಇದೇ ಲೆಕ್ಕಕ್ಕೆ ಸೇರುತ್ತೆ, ಮೊದಲು ಅದನ್ನು ನೋಡಿ.